ಮೊಮ್ಮಗಳಿಗೂ ನನಗೂ ಮೂರು ಮಾರು

ನನ್ನ ಕತ್ತಿನ ಗಂಟನ್ನು ಮೊದಲು ಕಂಡವಳು ಮಗಳು ಸುಮ. ಹೆರಿಗೆಗೆಂದು ದೊಡ್ಡಬೆಳವಂಗಲಕ್ಕೆ ಬಂದಿದ್ದಳು. ನನ್ನ ಸರದ ಕೊಂಡಿ ಹಾಕುತ್ತಾ ಕೈ ನಿಲ್ಲಿಸಿದಳು.

"ಅಮ್ಮ, ಇದೇನು ಇಲ್ಲಿ ಊದಿರೋದು?"

"ನೀನು ನಿನ್ನ ಹೊಟ್ಟೆ ನೋಡ್ಕೊಳೇ, ನನ್ನ ಕತ್ತು ಬಿಡು" ಎಂದು ಗದರಿದೆ.

ಅವಳ ಕಾಟಕ್ಕೆ ತೋರಿಸಿದರೆ, ಥೈರಾಯ್ಡ್ ಕ್ಯಾನ್ಸರ್.

ಆಪರೇಷನ್ ಆಯಿತು. ಎಲ್ಲಾದರೂ ಚೂರು ಉಳಿದಿದ್ದರೆ ಅದಕ್ಕೆ ರೇಡಿಯೋ ಅಯೋಡಿನ್ ಮಾತ್ರೆ ಎಂದರು ಡಾಕ್ಟರ್. ಅಷ್ಟರಲ್ಲಿ ಸುಮ ಹೆತ್ತಳು. ಹೆಣ್ಣು ಕೂಸು! ಕ್ಯಾನ್ಸರಿಗಿಂತ ದೊಡ್ಡ ಚಿಂತೆ ಹತ್ತಿತು ನನಗೆ. ನಮ್ಮಲ್ಲಿ ಕೂಸಿಗೆ ನೀರು ಹಾಕುವುದು ಅಜ್ಜಿಯ ಕೆಲಸ. ಆ ಭಾಗ್ಯ ತಪ್ಪಿಹೋದರೆ?

ಆಸ್ಪತ್ರೆಯಲ್ಲಿ ಕಿರಣಗಳ ಲೆಕ್ಕ ನೋಡುವ ಫಿಸಿಸಿಸ್ಟ್ ಹುಡುಗಿ ಎಲ್ಲ ಬಿಡಿಸಿ ಹೇಳಿದಳು. ಥೈರಾಯ್ಡ್ ಜೀವಕೋಶಗಳಿಗೆ ಅಯೋಡಿನ್ ಬೇಕೇ ಬೇಕಂತೆ, ಎಲ್ಲಿ ಅಡಗಿದ್ದರೂ ಎಳೆದುಕೊಳ್ಳುತ್ತವಂತೆ. ಮಾತ್ರೆಯ ಅಯೋಡಿನ್ ಸೂಸುವ ಬೀಟಾ ಕಿರಣ ಒಂದೆರಡು ಮಿಲಿಮೀಟರಿನೊಳಗೇ ನಿಂತು ಅವುಗಳನ್ನು ಸುಡುತ್ತದೆ. ಗಾಮಾ ಕಿರಣ ಮಾತ್ರ ಮೈ ದಾಟಿ ಹೊರಗೆ ಬರುತ್ತದೆ.

"ದೂರ ಎರಡರಷ್ಟಾದ್ರೆ ಕಿರಣ ಕಾಲುಭಾಗ ಆಗುತ್ತಮ್ಮ. ದಿನ ಕಳೆದಂಗೆ ತಾನಾಗೇ ಇಳಿಯುತ್ತೆ. ಅಲ್ಲೀವರ್ಗೂ ಮಗೂನ ಎತ್ಕೋಬೇಡಿ."

"ತಲೆಗೆ ನೀರು ಹಾಕ್ಕೊಂಡ್ರೂ ಹೋಗಲ್ವಾ?" ಎಂದೆ. ನಮ್ಮೂರಲ್ಲಿ ಎಂಥ ಮೈಲಿಗೆಯೂ ಒಂದು ಸ್ನಾನಕ್ಕೆ ಹೋಗುತ್ತದೆ. ಅವಳು ನಕ್ಕೇಬಿಟ್ಟಳು.

ಮಾತ್ರೆ ನುಂಗಿ, ಒಂಟಿ ವಾರ್ಡಿನಲ್ಲಿದ್ದು, ಮನೆಗೆ ಬಂದರೆ ನನಗೆ ಹೊರಗಿನ ಕೋಣೆ. ಸುಮಳಿಗೆ ಸಿಸೇರಿಯನ್ ಹೊಲಿಗೆ. ಕೊನೆಗೆ ಪಂಚೆ ಎತ್ತಿಕಟ್ಟಿ ಬಚ್ಚಲಿಗೆ ಇಳಿದವರು ನಮ್ಮ ಯಜಮಾನರು! ಮೂರು ಮಾರು ಆಚೆ ನಿಂತು ನಾನು ಬಾಯಿ ಮಾಡುತ್ತಿದ್ದೆ.

"ರೀ, ಕತ್ತಿನಡಿ ಕೈ ಕೊಡ್ರಿ! ಅಯ್ಯೋ, ಟ್ರಾಕ್ಟರ್ ತೊಳೀತಿದ್ದೀರಾ?"

"ಹಂಗಾದ್ರೆ ನೀನೇ ಬಂದು ಹಾಕು!" ಎಂದವರು ನಾಲಿಗೆ ಕಚ್ಚಿಕೊಂಡರು. ಅವತ್ತು ಕೋಣೆಗೆ ಹೋಗಿ ಚೆನ್ನಾಗಿ ಅತ್ತೆ.

ಸ್ಕ್ಯಾನಿನಲ್ಲಿ ನೋಡಿದರೆ ಕ್ಯಾನ್ಸರ್ ಬೇರೆಲ್ಲೂ ಹರಡಿರಲಿಲ್ಲ. ಪರೀಕ್ಷೆಗೆ ಬರುತ್ತಿರಬೇಕು ಎಂದರು ಡಾಕ್ಟರ್, ಬರೋಣ ಬಿಡಿ. ಕಿರಣ ಅಳೆಯುವ ಮೀಟರ್ ಹಿಡಿದು ನೋಡಿದ ಅದೇ ಹುಡುಗಿ, "ಹೋಗಿ ಅಮ್ಮ, ಇನ್ನು ಎತ್ಕೊಳ್ಳಿ" ಎಂದಳು. ಅವಳ ಕೆನ್ನೆ ಹಿಂಡಿ ಬಂದೆ.

ಮರುದಿನ ಬಚ್ಚಲಲ್ಲಿ ಕಾಲು ಚಾಚಿ ಕೂತು ಕೂಸನ್ನು ಮಲಗಿಸಿಕೊಂಡೆ. ಹೊಸ ಕೈ ನೋಡಿ, ಸೂರು ಹಾರುವಂತೆ ಕಿರುಚಿತು. ಎಷ್ಟು ಮುದ್ದು ಮಾಡಿದರೂ ಕೇಳದು. ಬಿಸಿನೀರು ಬೇರೆ ಮುಗಿದಿತ್ತು.

"ರೀ! ಒಂದ್ ಚೊಂಬು ನೀರು ತರೋಕೆ ಎಷ್ಟೊತ್ರೀ?" ಎಂದು ಕೂಗಿದೆ.

ಕೂಸು ಥಟ್ಟನೆ ಸುಮ್ಮನಾಯಿತು. ಕಣ್ಣರಳಿಸಿ ನನ್ನನ್ನೇ ನೋಡಿತು.

"ಬೈದ್ಮೇಲೆ ಅಜ್ಜಿ ಗುರ್ತು ಸಿಕ್ತು ನೋಡು" ಎಂದು ಚೊಂಬು ಹಿಡಿದು ನಿಂತ ಯಜಮಾನರು ನಕ್ಕರು.

ಕಣ್ಣೊರೆಸಿಕೊಂಡು, ಅವರನ್ನು ಇನ್ನೂ ಜೋರಾಗಿ ಬೈದೆ.