ಬಸವ ಹೆತ್ತ ಬೆಳಗ್ಗೆ

ಕೋಲಾರದ ಕಾಲೇಜಲ್ಲಿ ಜೀವಶಾಸ್ತ್ರ ಪಾಠ ಮಾಡಿ ರಿಟೈರ್ ಆದವನು ನಾನು. ಬಸವನಹುಳದ ಸಂಸಾರದ ಗುಟ್ಟು ನನ್ನಷ್ಟು ಚೆನ್ನಾಗಿ ಹೇಳೋರು ಈ ಜಿಲ್ಲೇಲಿ ಇಲ್ಲ. ಇದ್ರೆ ಬರ್ಲಿ, ನೋಡೋಣ.

ಹೋದ ಮಳೆಗಾಲ ಸುಗಟೂರಲ್ಲಿರೋ ನನ್ನ ಬಾಮೈದನ ಹಿಪ್ಪುನೇರಳೆ ತೋಟಕ್ಕೆ ಇದು ಬಿತ್ತು. ಮುಷ್ಟಿಗಾತ್ರದ ಆಫ್ರಿಕಾ ಜಾತಿ. ಮನೇಲಿ ರೇಷ್ಮೆಹುಳ ನಾಲ್ಕನೇ ಜ್ವರ ಎದ್ದಿದ್ವು, ಅಂದ್ರೆ ಕೊನೇ ಸಲ ಪೊರೆ ಬಿಟ್ಟು ಒಂದೇ ಸಮ ಮೇಯೋ ಹೊತ್ತು. ಸೊಪ್ಪು ಸಾಲದಿದ್ರೆ ಗೂಡು ಕಟ್ಟಲ್ಲ. ಅವನ ಹೆಂಡ್ತಿ ಪಟ್ಟ ಪಾಡೆಲ್ಲಾ ತಿಪ್ಪೆಗೆ.

ಅವಳು ಗೌನಿಪಲ್ಲಿ ಕಡೆಯೋಳು, ಮನೆಮಾತು ತೆಲುಗು. ಬಸವನಹುಳಕ್ಕೆ ನತ್ತ ಅಂತಾಳೆ. ಬಕೆಟ್ಟಲ್ಲಿ ಉಪ್ಪುನೀರು ಇಟ್ಟು ಆರಿಸಿ ಹಾಕೋಕೆ ನಿಂತ್ಲು. ಬಾಮೈದ ಅಡ್ಡ ಬಂದ.

“ಬಸವ ಅಂದ್ರೆ ಶಿವನ ವಾಹನ ಕಣೇ, ಮುಟ್ಬೇಡ. ನತ್ತ ಬೇಕಾದ್ರೆ ಕೊಲ್ಲು. ನತ್ತು ಹಾಕೊಳ್ಳೋದು ಹೆಂಗಸು ತಾನೇ? ಮೊಟ್ಟೆ ಇಡೋದೂ ಅದೇ.”

ದುಂಡಗಿರೋದು ನತ್ತ, ನೀಳವಾಗಿರೋದು ಬಸವ ಅಂತ ಅವನೇ ತೀರ್ಮಾನ ಮಾಡ್ಕೊಂಡ. ಬಸವಗಳನ್ನ ಜೋಪಾನವಾಗಿ ಬದುವಿಗೆ ಬಿಟ್ಟು ಬರ್ತಿದ್ದ. ಬೆಳಗಾಗೋದ್ರಲ್ಲಿ ಅವು ವಾಪಸ್ಸು, ಸೊಪ್ಪು ಜರಡಿ.

“ಅಣ್ಣಯ್ಯ, ನೀವಾದ್ರೂ ಹೇಳಿ,” ಅಂತ ಅವಳು ನನ್ನ ಕಡೆ ತಿರುಗಿದ್ಲು.

ಹೇಳಿದೆ. “ಲೇ, ಒಂದೊಂದರಲ್ಲೂ ಗಂಡೂ ಇದೆ, ಹೆಣ್ಣೂ ಇದೆ. ಎಳೇದಿದ್ದಾಗ ಗಂಡುಬೀಜ, ಬಲಿತ ಮೇಲೆ ಮೊಟ್ಟೇನೂ ಇಡ್ತದೆ. ಮಿದುಳಿನ ಪಕ್ಕ ಒಂದು ಚೂರು ಗ್ರಂಥಿ. ಅದು ಹಾರ್ಮೋನು ಬಿಟ್ರೆ ಮೊಟ್ಟೆ ಬಲಿಯುತ್ತೆ.”

“ನಮ್ಮ ಮೈಯಲ್ಲಿರೋ ಹಾರ್ಮೋನೇನಾ?” ಅಂದ ಬಾಮೈದ.

“ನಮ್ಮಂಥದ್ದೂ ಅದ್ರೊಳಗೆ ಸಿಕ್ಕಿದೆ. ಅದೇ ತಯಾರು ಮಾಡ್ತದೋ, ಹೊರಗಿಂದ ಸೇರ್ಕೊಂತೋ ಅಂತ ತಿಳಿದೋರು ಇನ್ನೂ ಕಿತ್ತಾಡ್ತಾ ಇದಾರೆ.”

“ನೋಡಿದ್ರಾ ಭಾವ, ನಿಮ್ಗೇ ಗ್ಯಾರಂಟಿ ಇಲ್ಲ!”

ಪಾಠ ನಾಟಲಿಲ್ಲ. ಸರಿ, ಕಿತಾಪತಿ ನಂಗೇನು ಹೊಸದಾ? ಬದುವಿನ ಹತ್ರ ಒಂದು ನೀಳದ್ದು ಮಣ್ಣಿಗೆ ಮುಖ ತೂರಿಸಿ ಗುಂಡಿ ತೋಡ್ತಿತ್ತು. ಮೊಟ್ಟೆ ಇಡೋ ಮುಂಚೆ ಹಂಗೇ ಮಾಡೋದು. ಅದು ಅವನಿಗೆ ಗೊತ್ತಿಲ್ಲ.

“ಇದು ಯಾವುದೋ?”

“ಶುದ್ಧ ಬಸವ ಭಾವ.”

ಅವನ ಕೈಲೇ ಚಿಪ್ಪಿಗೆ ವಿಭೂತಿ ಹಚ್ಚಿಸಿದೆ. ಮಣ್ಣು ತುಂಬಿದ ಕುಂಡದಲ್ಲಿ ಅದೊಂದನ್ನೇ ಬಿಟ್ಟು ಮಂಕರಿ ಮುಚ್ಚಿದೆ.

ಬೆಳಗ್ಗೆ ಮಂಕರಿ ಎತ್ತಿದ್ದು ಅವಳು. ಮಣ್ಣು ಕೆದಕಿದ್ರೆ ಸಬ್ಬಕ್ಕಿ ಸುರಿದಂಗೆ ಹಳದಿ ಮೊಟ್ಟೆ.

“ಬಸವಡು ಕನ್ನಾಡು!” ಅಂತ ಬೀದಿಗೆಲ್ಲಾ ಕೇಳೋ ಹಂಗೆ ಕೂಗಿದ್ಲು. ಬಸವ ಹೆತ್ತವ್ನೆ, ಅಂತ.

“ಒಂಟಿಯಾಗಿತ್ತಲ್ಲ ಭಾವ, ಹೆಂಗೆ?”

“ಮುಂಚೆ ಕೂಡಿದಾಗ ಸಿಕ್ಕ ಬೀಜ ಒಳಗೇ ಇಟ್ಕೊಂಡಿರ್ತದೆ ಕಣೋ.”

ಚಿಪ್ಪಿನ ಮೇಲಿನ ವಿಭೂತಿ ಅವನೇ ಒರೆಸಿದ. ಆಮೇಲೆ ಬಕೆಟ್ ತಾನೇ ಹಿಡ್ಕೊಂಡು ಬದುವಿಗೆ ನಡೆದ.

“ಅರ್ಧ ಗಂಡು ಅರ್ಧ ಹೆಣ್ಣು ಅಂದ್ರೆ ಪಾಪಾನೂ ಅರ್ಧಾನೇ ಅಲ್ವಾ ಭಾವ?”

“ಅರ್ಧ ನಿಂದು. ಮಿಕ್ಕಿದ್ದು ನನ್ನ ತಲೆಗಿರ್ಲಿ, ನಡಿ.”

ಸೊಪ್ಪು ಉಳೀತು. ರೇಷ್ಮೆಹುಳ ಬಿದಿರಿನ ಚಂದ್ರಿಕೆ ಏರಿ ಗೂಡು ಕಟ್ಟಿದ್ವು. ನೋಡೋಕೆ ಬಂದೋರಿಗೆಲ್ಲಾ ಅವಳು ಉಪ್ಪುನೀರಿನ ಮಹಿಮೆ ಹೇಳಿದ್ಲು. ನನ್ನ ಹೆಸರು ಎತ್ತಲೇ ಇಲ್ಲ.