ಅನ್ನ ಬಿಟ್ಟವನ ಗಂಗಾಳ

ನಮ್ಮ ಮನೆಯ ಊಟದ ಗಂಗಾಳವನ್ನು ನಿಮಗೆ ತೋರಿಸಬೇಕು. ಅವ್ವ ಅಕ್ಕನಿಗೊಂದು, ನನಗೊಂದು ಕೊಟ್ಟದ್ದು. ನಡುವೆ ಅನ್ನದ ಗುಡ್ಡ ಕೂತು ಸುತ್ತ ಸಾರು ಹರಿಯಲೆಂದೇ ಅಷ್ಟು ಅಗಲ. ನಾನು ಅನ್ನ ಬಿಟ್ಟ ಹೊಸದರಲ್ಲಿ ಅಲ್ಲಿ ನಾಲ್ಕು ಸೌತೆಕಾಯಿ ಹೋಳು, ಮದುವೆ ಮನೆಗೆ ಕರೆಯದೆ ಬಂದವರಂತೆ ಅಂಚಿಗೆ ಕೂತಿರುತ್ತಿದ್ದವು.

ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ ಮಾಡಿಕೊಂಡು ಅನ್ನ ಬಿಡುವುದೆಂದರೆ ಪೂಜಾರಿ ದೇವರನ್ನು ಬಿಟ್ಟಂತೆ. ಆದರೆ ಡಾಕ್ಟರು ನನ್ನ ಹೊಟ್ಟೆ ನೋಡಿ, ಅನ್ನ ರೊಟ್ಟಿಗಳು ಒಳಗೆ ಹೋಗಿ ಸಕ್ಕರೆಯಾಗುತ್ತವೆ, ಖರ್ಚಾಗದೆ ಉಳಿದದ್ದನ್ನು ಇನ್ಸುಲಿನ್ ಎಂಬುದು ಕೊಬ್ಬಾಗಿಸಿ ಗೋದಾಮಿಗೆ ಸೇರಿಸುತ್ತದೆ, ಹೊಸ ಮಾಲು ಬರುವುದು ಕಡಿಮೆಯಾದರೆ ದೇಹ ಗೋದಾಮಿನ ಬಾಗಿಲು ತೆಗೆಯುತ್ತದೆ ಎಂದರು. ವ್ಯಾಪಾರದ ಭಾಷೆ, ತಟ್ಟನೆ ತಿಳಿಯಿತು.

ಅನ್ನ ಬಿಟ್ಟೆ, ರೊಟ್ಟಿ ಬಿಟ್ಟೆ, ಬೆಳಗಿನ ಮಂಡಕ್ಕಿ ಒಗ್ಗರಣೆಯನ್ನು ಮಾತ್ರ ದುಪ್ಪಟ್ಟು ಮಾಡಿದೆ. ಚೀಲವನ್ನೇ ಒಂದು ಕೈಯಲ್ಲಿ ಎತ್ತಬಹುದಾದ ಪದಾರ್ಥ ಮನುಷ್ಯನ ತೂಕ ಹೆಚ್ಚಿಸೀತೇ? ನನ್ನಾಕೆ ಸಹಿಸುವಷ್ಟು ಸಹಿಸಿ ಕೇಳಿದಳು: “ಮಂಡಕ್ಕಿ ಯಾವ ಗಿಡದಾಗ ಬಿಡ್ತೈತ್ರಿ?” ಅಕ್ಕಿಯ ತಳಿಯನ್ನು ಮೂಸಿ ಹೇಳುವ ನಾನು, ಹುರಿದು ಉಬ್ಬಿಸಿದೊಡನೆ ಅದರ ಗುರುತನ್ನೇ ಮರೆತಿದ್ದೆ. ಅದನ್ನೂ ಬಿಟ್ಟಾಗ ಮೊದಲ ವಾರವೇ ತೂಕ ಇಳಿಯಿತು, ಬಜಾರಿಗೆಲ್ಲ ಸಾರಿಬಂದೆ. ಇಳಿದದ್ದು ಬಹುಪಾಲು ಮೈಯ ನೀರು, ಕಾಳು ಮೊಟ್ಟೆ ತಿಂದು ಹಸಿವು ತಗ್ಗಿ, ಒಟ್ಟು ಊಟವೇ ಕಡಿಮೆಯಾದ ಮೇಲಷ್ಟೇ ಕೊಬ್ಬು ನಿಧಾನಕ್ಕೆ ಕರಗುತ್ತದೆ ಎಂದು ಡಾಕ್ಟರು ಹೇಳಿದರು. ಇದನ್ನು ಬಜಾರಿನಲ್ಲಿ ಸಾರಲಿಲ್ಲ.

ಅಷ್ಟರಲ್ಲಿ ಸುಗ್ಗಿ ಬಂತು. ನವಲಿ ಊರಿಗೆ ಕೊಟ್ಟ ನಮ್ಮಕ್ಕ ಹೊಸ ಅಕ್ಕಿಯ ಮೊದಲ ಅನ್ನವನ್ನು ನನಗೆ ಬಡಿಸದೆ ತಾನು ಉಣ್ಣುವವಳಲ್ಲ. ಈ ಸಲ ಅವಳ ಮನೆಗೆ ಹೋಗಿ, ನನ್ನ ಮುಂದಿಟ್ಟ ಅವಳ ಗಂಗಾಳದ ಮೇಲೆ ಕೈ ಅಡ್ಡ ಹಿಡಿದು, “ಅನ್ನ ಬ್ಯಾಡಕ್ಕಾ” ಎಂದೆ. ಒಡಹುಟ್ಟಿದವರ ಮನೆಯ ಅನ್ನ ಬೇಡವೆನ್ನುವುದು ನಮ್ಮ ಕಡೆ ಹೊಲದ ಪಾಲಿಗೆ ಜಗಳವಾಗಿ ಮಾತು ಬಿಟ್ಟ ಮೇಲೆಯೇ. ಅಕ್ಕ ಸೌಟು ಕೆಳಗಿಟ್ಟಳು.

“ನನ್ನಿಂದ ಏನ್ ತಪ್ಪಾತೋ ತಮ್ಮಾ?”

ನಾನು ಇನ್ಸುಲಿನ್ ಪುರಾಣ ತೆಗೆದೆ. ಅರ್ಧಕ್ಕೇ ಅವಳ ಕಣ್ಣು ತುಂಬಿತು, ನನಗೆ ಭಯವಾಯಿತು. ಇವಳನ್ನು ಕಳೆದುಕೊಂಡು ಸಣ್ಣಗಾಗಿ ಏನು ಮಾಡಲಿ ಎನ್ನಿಸಿ ಕೈ ತೆಗೆದೆ.

ಅವಳು ಬಡಿಸಿದ್ದು ಒಂದೇ ಹಿಡಿ. ಸುತ್ತ ಹೆಸರುಕಾಳು, ಪುಂಡಿಪಲ್ಯ ತುಂಬಿದಳು. “ಡಾಕ್ಟರ್ ಕೇಳಿದ್ರ ನಮ್ಮಕ್ಕ ಹಾಕ್ಯಾಳ ಅನ್ನು,” ಎಂದು ತಾನೂ ಉಣ್ಣಲು ಕೂತಳು.

ಈಗ ನನ್ನ ಗಂಗಾಳದ ನಡುವೆಯೂ ಒಂದು ಹಿಡಿ ಅನ್ನವಿದೆ. ಅಂಚಿನ ಸೌತೆಕಾಯಿ ಹೋಳುಗಳು ಅದರ ಹತ್ತಿರ ಸರಿದು ಕೂತಿವೆ. ತೂಕ ನಿಧಾನಕ್ಕೆ ಇಳಿಯುತ್ತಿದೆ. ಅಕ್ಕ ಫೋನಿನಲ್ಲಿ ಕೇಳುವುದು ಅದನ್ನಲ್ಲ.

“ಅನ್ನ ಉಂಡಿಯೇನೋ?”

“ಉಂಡೀನಕ್ಕಾ,” ಎನ್ನುತ್ತೇನೆ. ಒಂದು ಹಿಡಿಯಷ್ಟಾದರೂ ಅದು ನಿಜ.