ಹಣೇಲಿ ಜೋಡಿ ಸುಳಿ ಇರೋ ಕರು

ನೋಡ್ರಪ್ಪ, ಇವತ್ತು ಬೆಳಗ್ಗೆ ನಮ್ಮನೇಲಿ ಒಂದು ಕರುವಿನ ವಿಷಯಕ್ಕೆ ಜಗಳ ಆಯ್ತು. ಕರು ಕೊಟ್ಟಿಗೇಲಿಲ್ಲ, ಮೊಮ್ಮಗಳು ಚೈತ್ರನ ಕಂಪ್ಯೂಟರಲ್ಲಿದೆ. ಹಸು, ಹೋರಿ ಕೂಡಿಸಿ ಕರು ಹಾಕಿಸೋ ಕಂಪ್ಯೂಟರ್ ಆಟ ಒಂದನ್ನ ಅವಳೇ ತಯಾರು ಮಾಡ್ತಿದಾಳೆ. ತಾಯಿಯಿಂದ ಏನು ಬರುತ್ತೆ, ತಂದೆಯಿಂದ ಏನು ಬರುತ್ತೆ ಅಂತ ವಾರವೆಲ್ಲ ನನ್ನ ಕೇಳಿ ಬರ್ಕೊಂಡಿದ್ದಳು. ಕೊಂಬು, ಬಣ್ಣ, ನಡಿಗೆ, ಹಣೆ ಮೇಲಿನ ಸುಳಿ, ಎಲ್ಲ ಹೇಳಿದ್ದೆ.

ಇವತ್ತು ನೋಡಿದ್ರೆ ಜೋಡಿ ಸುಳಿ ಇರೋ ಕರು ಪಕ್ಕದಲ್ಲಿ "ಅದೃಷ್ಟ ಕಮ್ಮಿ" ಅಂತ ಬರೆದವ್ಳೆ!

"ಯಾರೇ ಹೇಳಿದ್ದು ನಿಂಗೆ?" ಅಂದೆ.

"ದನ ಕೊಳ್ಳೋರೆಲ್ಲ ಹಂಗೇ ಅಂತಾರಜ್ಜಿ. ಅಮೃತೂರಲ್ಲಿ ವಿಚಾರಿಸ್ಕೊಂಡು ಬಂದೆ."

"ನಿನ್ನ ಹಣೆ ಮೇಲಿನ ಕೂದಲು ಎತ್ತೇ."

ಎತ್ತಿದಳು. ಅಲ್ಲೂ ಜೋಡಿ ಸುಳಿ. ನಾನು ತಲೆ ಮೇಲಿನ ಸೆರಗು ಸರಿಸಿ ನಂದೂ ತೋರಿಸಿದೆ.

"ಇದನ್ನ ನೋಡೇ ಗುಬ್ಬಿ ಕಡೆ ಗಂಡಿನೋರು ನಮ್ಮನೆ ಉಪ್ಪಿಟ್ಟು ತಿಂದು, ದನ ನೋಡ್ದಂಗೆ ನನ್ನ ನೋಡಿ, ಬೇಡ ಅಂತ ಎದ್ದು ಹೋದ್ರು ಕಣೇ. ನಿಮ್ಮ ತಾತ ಕಟ್ಕೊಂಡ್ರು. ಐವತ್ತು ವರ್ಷ ಜೊತೇಲಿದ್ರಲ್ಲ, ಏನು ಕೆಟ್ಟೋದ್ರು? ಅಳಿಸು ಅದನ್ನ!"

"ಅಲ್ಲಜ್ಜಿ, ಸುಳಿಗೆ ಏನಾದ್ರೂ ಒಂದು ಗುಣ ಕೊಡ್ಲೇಬೇಕಲ್ಲ" ಅಂತ ಮುಖ ಸಣ್ಣ ಮಾಡಿದಳು.

"ಹತ್ತಿರ ಬಂದೋರಿಗೆ ಕೊಂಬಲ್ಲಿ ಹಾಯೋ ಬುದ್ಧಿ ಜಾಸ್ತಿ ಅಂತ ಹಾಕು. ಅದಾದ್ರೆ ನಮ್ಮ ವಂಶದಲ್ಲಿ ನಿಜವಾಗ್ಲೂ ಬಂದಿದೆ."

ಅದೃಷ್ಟ ಅಳಿಸಿ ಅದನ್ನೇ ಹಾಕಿದಾಳೆ. ಗುಬ್ಬಿ ಕಡೆಯವರು ಯಾರಾದ್ರೂ ಆ ಆಟ ಆಡೋದಾದ್ರೆ, ಕರು ಹಣೆ ನೋಡೋಕೆ ಹತ್ತಿರ ಹೋಗ್ಬೇಡ್ರಪ್ಪ.